ಚುಕ್ಕಾಣಿಯ ಮೋಟಾರು
ವಿಜಯೀಂದ್ರ ಯಾರನ್ನೂ ನಂಬದ ಮನುಷ್ಯ. ಹೆಂಡತಿ ಇಂದುವಿನ ಈ ತೀರ್ಪಿಗೆ ಮೇಲ್ಮನವಿ ಇರಲಿಲ್ಲ. ರಿಮೋಟಿನಿಂದ ಓಡುವ ಅವನ ಪುಟ್ಟ ದೋಣಿ ಕಳೆದ ವರ್ಷ ಕೆಲಗೇರಿ ಕೆರೆಯ ಪಂದ್ಯದಲ್ಲಿ ತಿರುವು ತಪ್ಪಿ ದಡಕ್ಕೆ ಬಡಿದಿತ್ತು. ತಪ್ಪೆಲ್ಲ ಸರ್ವೋದ್ದು, ಅಂದರೆ ಚುಕ್ಕಾಣಿ ತಿರುಗಿಸುವ ಮೋಟಾರಿನದು ಎಂದು ಅವನು ಸಾಧಿಸಿದ. ಅಂದಿನಿಂದ ಹೊಸ ಸರ್ವೋಗಾಗಿ ಹುಬ್ಬಳ್ಳಿಯ ಅಂಗಡಿಗೆ ಅಲೆದದ್ದೇ ಅಲೆದದ್ದು. ಒಂದು ನಿಧಾನ, ಇನ್ನೊಂದರ ಗೇರಿನ ಹಲ್ಲು ಪ್ಲಾಸ್ಟಿಕ್ಕಿನದು. ಮತ್ತೊಂದನ್ನು ಓಡಿಸಿ ಕಿವಿಗೆ ಹಿಡಿದು, "ಶ್ರುತಿ ಸೇರವಲ್ದು" ಎಂದು ಕೆಳಗಿಡುವನು. "ಇದರಾಗ ನೀರು ಹೋಗೂದಿಲ್ರಿ" ಎಂದು ಅಂಗಡಿಯವನು ಹೇಳಿದರೆ, ಅವನು ಕುಡಿಯಲು ಇಟ್ಟುಕೊಂಡ ಲೋಟದಲ್ಲೇ ವಿಜಯೀಂದ್ರ ಅದನ್ನು ಮುಳುಗಿಸುವನು. "ಕಾಕಾ, ಕನ್ಯಾ ನೋಡಾಕ ಹೋದಾಗೂ ಹಿಂಗ ನೋಡಿದ್ರೇನ್ರಿ?" ಎಂದು ಅಂಗಡಿಯವನು ಕೆಣಕಿದರೆ, "ಹಿಂಗ ನೋಡಿದ್ರ ನಾ ಇವತ್ತ ಇಲ್ಲಿ ನಿಂದರ್ತಿದ್ದಿಲ್ಲ" ಎಂದು ಜೊತೆಗೆ ಬಂದ ಇಂದುವೇ ಉತ್ತರ ಕೊಡುವಳು. ಕಡೆಗೂ ಲೋಹದ ಹಲ್ಲಿನದೊಂದು ಒಪ್ಪಿಗೆಯಾಯಿತು. ಭಾನುವಾರ ಕೆರೆಯಲ್ಲಿ ದೋಣಿಗಳು ಸಾಲಾಗಿ ನಿಂತವು. ಸೀಟಿ ಊದುವ ಮೊದಲು ಅವನು ರಿಮೋಟನ್ನು ಇಂದುವಿನ ಕೈಗೆ ಕೊಟ್ಟ. "ತಿರುವಿನ್ಯಾಗ ನನ್ನ ಕೈ ನಡಗತದ. ಹೋದ ವರ್ಷಾನೂ ನಡಗಿತ್ತು," ಎಂದ. "ನೀ ತಿರುಗಸು."