ಬಾಣಲೆ ಇಳಿಸಿ ಎನ್ನುತ್ತಿದ್ದವಳು

ಚೈತ್ರಾ, ಮನು, ಇವತ್ತು ಬೆಳಿಗ್ಗೆ ಹುರಿಯಲು ಇಟ್ಟ ಕಡಲೆಕಾಯಿ ಬೀಜ ಸೀದುಹೋಯಿತು. ಆ ವಾಸನೆಗೆ ನಮ್ಮ ಮಗ್ಗುಲ ಮನೆಯ ಸೊಸೆ ನೆನಪಾದಳು. ನೀವು ಅವಳನ್ನು ನೋಡಿಲ್ಲ.

ಪಾವಗಡದ ಕಡೆಯ ಹುಡುಗಿ, ಮದುವೆಯಾಗಿ ಮಧುಗಿರಿಗೆ ಬಂದಿದ್ದಳು. ಮಾತಿನ ನಡುವೆ ತೆಲುಗು ನುಗ್ಗುತ್ತಿತ್ತು. ವೆಬ್‌ಸೈಟುಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಶಿರಾದಲ್ಲಿ ಸಸಿ ಮಾರುವವರದು, ಪಾವಗಡದ ಒಂದು ಶಾಲೆಯದು, ನಮ್ಮೂರಿನ ಕಲ್ಯಾಣ ಮಂಟಪದ್ದು, ಕೊರಟಗೆರೆಯ ಭಜನಾ ಮಂಡಳಿಯದು. ಕರೆಂಟು ಹೋದರೆ ಲ್ಯಾಪ್‌ಟಾಪ್ ಹಿಡಿದು ನಮ್ಮ ಅಡುಗೆಮನೆಗೇ ಬರುತ್ತಿದ್ದಳು. ನಮ್ಮಲ್ಲಿ ಯುಪಿಎಸ್ ಇತ್ತು.

"ದೊಡ್ಡಮ್ಮ, ಬೀಜ ಹುರೀರಿ. ಅಪ್‌ಡೇಟ್ ಬಂದೈತೆ."

"ನಿನ್ನ ಅಪ್‌ಡೇಟಿಗೂ ನನ್ನ ಬಾಣಲೆಗೂ ಏನೇ ಸಂಬಂಧ?"

"ಹಳೇ ಸೈಟಿನ ಕಾಪಿ ಲ್ಯಾಪ್‌ಟಾಪಿಗೆ ಇಳಿಯೋಗಂಟ ಬಾಯಿ ಸುಮ್ಕಿರಲ್ಲ ಕಣಮ್ಮ!"

ಒಮ್ಮೆ ನನಗೆ ತಿಳಿಯುವ ಹಾಗೆ ಹೇಳಿದಳು. "ಅಪ್‌ಡೇಟ್ ಅಂದ್ರೆ ಹಳೇ ಹೆಂಚು ತೆಗೆದು ಹೊಸದು ಹೊದಿಸಿದಂಗೆ. ಅಟ್ಟದ ಮ್ಯಾಲೆ ನಾನಿಟ್ಟಿರೋ ಸಾಮಾನು ಮೊದ್ಲು ಇಳಿಸ್ಕಬೇಕು. ಇಲ್ದಿದ್ರೆ ಅದೂ ಹೆಂಚಿನ ಜೊತೆ ಹೋಗ್ತದೆ." ಒಬ್ಬೊಬ್ಬರಿಗೂ ಅವರಿಗೆ ಬೇಕಾದ ಹಾಗೆ ಅವಳು ಏನಾದರೊಂದು ಸೇರಿಸಿಕೊಟ್ಟಿದ್ದಳು; ಅಟ್ಟದ ಸಾಮಾನು ಎಂದರೆ ಅದೇ. ಶಾಲೆಯ ಸೂಚನೆಗಳು ತೆಲುಗಿನಲ್ಲೂ ಕಾಣುತ್ತಿದ್ದವು. ಭಜನಾ ಮಂಡಳಿಯ ಪುಟದಲ್ಲಿ ಒಂದು ಚಿಕ್ಕ ತಂಬೂರಿಯ ಚಿತ್ರ. ಅದನ್ನು ಮುಟ್ಟಿದರೆ ನಿಮ್ಮ ತಾತ ಹಾಡುತ್ತಿದ್ದರು.

ಹೌದು, ಅವರದೇ ದನಿ. ಅವರು ಬದುಕಿದ್ದಾಗ ಮಂಡಳಿಯವರು ಫೋನಿನಲ್ಲಿ ಹಿಡಿದದ್ದು. ಆ ಫೋನು ಕೆಟ್ಟ ಮೇಲೆ ಉಳಿದದ್ದು ಅಲ್ಲಿ ಮಾತ್ರ. ತತ್ವಪದದ ನಡುವೆ ಅವರದೊಂದು ಕೆಮ್ಮು. ಮಂಡಳಿಯವರು ಅದನ್ನು ಕತ್ತರಿಸಲು ಹೇಳಿದ್ದರಂತೆ. ಅವಳು ನನ್ನ ಮುಖ ನೋಡಿದಳು. "ಇರ್ಲಿ ಬುಡಿ," ಎಂದಳು.

ಆ ಹಾಡನ್ನು ಅಟ್ಟದಿಂದ ತೆಗೆದು ಬೇರೆ ಕಡೆ ಇಡಬಾರದೇ ಎಂದು ಕೇಳಿದ್ದೆ. "ಇಡಾನ. ಅಲ್ಲೀಗಂಟ ಇಳಿಸಾಕೆ ನಾನಿಲ್ವಾ? ಭಯಂ ಲೇದು, ಹೆದರಬ್ಯಾಡಿ ದೊಡ್ಡಮ್ಮ."

ಕಾಪಿ ಮುಗಿದ ಕೂಡಲೇ, "ಆಯ್ತು, ಬಾಣಲೆ ಇಳಿಸಿ," ಅನ್ನುವಳು. ಬೀಜ ಯಾವತ್ತೂ ಸೀಯುತ್ತಿರಲಿಲ್ಲ...

ಹೆರಿಗೆಗೆಂದು ತವರಿಗೆ ಹೋದವಳು ತಿರುಗಿ ಬರಲಿಲ್ಲ. ಮಗುವೂ ಉಳಿಯಲಿಲ್ಲ.

ಆಮೇಲೆ ಮಂಡಳಿಯವರು ತುಮಕೂರಿನಿಂದ ಒಬ್ಬರನ್ನು ಕರೆಸಿದರು. ಅವರು ಅಪ್‌ಡೇಟ್ ಒತ್ತಿದರು. ಅದು ಎಲ್ಲರೂ ಮಾಡುವ ಕೆಲಸ. ಅಟ್ಟದ ಮೇಲೆ ಏನಿದೆಯೆಂದು ಅವರಿಗೆ ಯಾರು ಹೇಳಬೇಕಿತ್ತು? ನಾನು ಫೋನಿನಲ್ಲಿ ತೆರೆದಾಗ ಪುಟ ಥಳಥಳ ಹೊಳೆಯುತ್ತಿತ್ತು. ತಂಬೂರಿ ಇರಲಿಲ್ಲ.

ನಾಚಿಕೆ ಬಿಟ್ಟು ಅವರಿಗೆ ಫೋನ್ ಮಾಡಿದೆ. ಪಾಪ, ಹುಡುಕಿದರು. "ಹಳೇ ಕಾಪಿ ಎಲ್ಲೂ ಸಿಗ್ತಿಲ್ಲ ಕಣಮ್ಮ. ಆಯಮ್ಮನ ಲ್ಯಾಪ್‌ಟಾಪ್ ಇದ್ರೆ ನೋಡ್ಬೋದಿತ್ತು." ಪಕ್ಕದ ಮನೆಗೆ ಹೋದೆ. ಅವಳ ಗಂಡ ಬಾಗಿಲಲ್ಲೇ ನಿಂತು, "ಅದನ್ನ ನೋಡಾಕಾಗ್ದೆ ಎಲ್ಲಾ ಅಳಿಸಿ ತಂಗಿಗೆ ಕೊಟ್ಬುಟ್ಟೆ ದೊಡ್ಡಮ್ಮ," ಎಂದ. ಅವನನ್ನು ಏನೆನ್ನಲಿ? ಅವನೂ ನನ್ನ ಹಾಗೆಯೇ ನಿಂತಿದ್ದ.

ಈಗ ನಿಮ್ಮ ತಾತನ ದನಿ ನನ್ನ ಕಿವಿಯಲ್ಲೂ ಮಸುಕಾಗುತ್ತಿದೆ. ಆ ಕೆಮ್ಮು ಯಾವ ಸಾಲಿನ ಮೇಲೆ ಬರುತ್ತಿತ್ತೋ, ಮರೆತಿದ್ದೇನೆ. ಅವಳ ದನಿಯನ್ನಂತೂ ಯಾರೂ ಎಲ್ಲೂ ಹಿಡಿದಿಡಲಿಲ್ಲ. ಇವತ್ತು ಬಾಣಲೆಯ ಮುಂದೆ ಯಾರಾದರೂ ಹೇಳಲಿ ಎಂದು ಕಾಯುತ್ತಾ ನಿಂತುಬಿಟ್ಟೆನೇನೋ... ಯಾರೂ ಹೇಳಲಿಲ್ಲ.

ಮಕ್ಕಳೇ, ಈ ಹಾಳೆಗಳನ್ನು ಅಟ್ಟದ ಮೇಲೆ ಇಡುತ್ತಿದ್ದೇನೆ. ಮುಂದೆ ನೀವು ಈ ಮನೆಯನ್ನು ಹೊಸದು ಮಾಡಿಸುವಾಗ, ಹೆಂಚಿಗೆ ಕೈ ಹಾಕುವ ಮೊದಲು ಇವನ್ನು ಇಳಿಸಿಕೊಳ್ಳಿ.