ಗೋಣಿಮರಕ್ಕೆ ಹೊಂದುವ ಕುಂಡ

ಕುಂಬಾರರ ಮನೆ ಕುದೂರಿನ ದಾರಿಯಲ್ಲಿತ್ತು ಎಂದು ಬರೆಯುತ್ತಿದ್ದೇನೆ. ಬೇರೆ ಕಡೆಯೂ ಇದ್ದಿರಬಹುದು. ನಾನಾಗ ಎಂ.ಎ. ಓದುತ್ತಿದ್ದೆನೋ, ಮುಗಿಸಿದ್ದೆನೋ, ಅದೂ ಖಚಿತವಿಲ್ಲ. ಅಲ್ಲಿ ಆಡಿದ ಮಾತುಗಳು ಮಾತ್ರ ನನ್ನ ಡೈರಿಯಲ್ಲಿವೆ.

ಮಾಗಡಿಯ ನನ್ನ ದೊಡ್ಡಮ್ಮ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದಳು. ಶಾಲೆಯ ಗೋಡೆ ರಿಪೇರಿಯಾದಾಗ ಬಿರುಕಿನಲ್ಲಿದ್ದ, ಆಲದ ಜಾತಿಯ ಗೋಣಿಸಸಿಯನ್ನು ಬೇರುಸಮೇತ ಮನೆಗೆ ತಂದು, ವರ್ಷಗಟ್ಟಲೆ ಕತ್ತರಿಸಿ, ತಂತಿ ಸುತ್ತಿ ಬೋನ್ಸಾಯ್ ಮಾಡಿದ್ದಳು. ಮೊಣಕೈಯುದ್ದದ ಮರ, ಬುಡ ನೋಡಿದರೆ ಅಜ್ಜನ ಕಾಲದ್ದು ಅನ್ನಬೇಕು. ಆ ಮಳೆಗಾಲ ಅದರ ಎಲೆ ಹಳದಿಯಾಗಿ ಉದುರತೊಡಗಿತು. ಅದು ಕೂತಿದ್ದ ನೀಲಿ ಪಿಂಗಾಣಿ ತಟ್ಟೆಗೆ ಇದ್ದದ್ದು ಒಂದೇ ಸಣ್ಣ ತೂತು. ನೀರು ನಿಂತು ಬೇರು ಕೊಳೆಯುತ್ತಿತ್ತು.

"ತಪ್ಪು ನಂದೇ. ಬಣ್ಣ ನೋಡಿ ತಗೊಂಡೆ, ತಳ ನೋಡ್ಲಿಲ್ಲ" ಎಂದಳು.

ನರ್ಸರಿಯ ಹೂಕುಂಡಗಳು ಬಕೆಟ್ಟಿನಷ್ಟು ಆಳ. ಅವಳ ಪ್ರಕಾರ ಬೋನ್ಸಾಯ್ ಕುಂಡದ ಆಳ ಬುಡದ ದಪ್ಪವನ್ನು ಮೀರಬಾರದು, ಬಣ್ಣ ಎಲೆಗಿಂತ ಮೊದಲು ಕಣ್ಣಿಗೆ ಬೀಳಬಾರದು. ಮಳೆ ಬಿಡುವು ಕೊಟ್ಟ ದಿನ ರಟ್ಟಿನಲ್ಲಿ ಅಳತೆ ಕತ್ತರಿಸಿಕೊಂಡು, ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದಳು.

ಕುಂಬಾರ ಅಗಲವಾದ ತಟ್ಟೆಯೊಂದನ್ನು ಮಾಡಿ, ಎರಡೂ ಅಂಗೈಯಿಂದ ಒತ್ತಿ ಮೊಟ್ಟೆಯಾಕಾರಕ್ಕೆ ತಂದ. "ಒಸಿ ಆರ್ಲಿ" ಎಂದು ಬಿಸಿಲಿಗಿಟ್ಟ. ತಳಕ್ಕೆ ಮೂರು ತೂತು ಬೇಕೆಂದಾಗ ಮಾತ್ರ ಕೈ ಹಿಂದಕ್ಕೆಳೆದುಕೊಂಡ.

"ತೂತು ನಾ ಹಾಕಾಕಿಲ್ಲ ಕಣಮ್ಮ. ತೂತಿನ ಮಡಕೆ ಯಾವುದ್ಕೆ ಅಂತ ನಿಮಗೊತ್ತಿಲ್ವಾ?"

ಗೊತ್ತಿತ್ತು. ನಮ್ಮ ಕಡೆ ಚಿತೆಯ ಸುತ್ತ ಹೊತ್ತು ತಿರುಗುವ ನೀರಿನ ಮಡಕೆಗೆ ಸುತ್ತಿಗೊಂದರಂತೆ ಮೂರು ತೂತು ಹಾಕುತ್ತಾರೆ. ದೊಡ್ಡಪ್ಪ ತೀರಿಕೊಂಡು ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ.

"ಇದು ಗಿಡ ಬದುಕೋಕೆ" ಎಂದಳು ದೊಡ್ಡಮ್ಮ. "ಬೇರು ಉಸಿರಾಡ್ಬೇಡ್ವಾ?"

"ಅಂಗಾದ್ರೆ ನೀವೇ ಹಾಕ್ಕಳಿ. ನಾ ಅತ್ಲಾಗೆ ತಿರುಕ್ಕತೀನಿ."

ಒಳಗಿಂದ ಅವನ ಹೆಂಡತಿ, "ತಿರುಕ್ಕಂಬುಟ್ರೆ ತೂತು ಮುಚ್ಕತದಾ? ಟೀಚ್ರಮ್ಮಂಗಿಲ್ದಿರೋ ದಿಗಿಲು ನಿಂಗೈತೆ" ಎಂದು ನಕ್ಕಳು. ಅವನು ಬೆನ್ನು ಹಾಕಿ ಬೀಡಿ ಹಚ್ಚಿದ.

ನಾನು ಪೆನ್ನಿನ ಕ್ಯಾಪು ತೆಗೆದು ಹಸಿಮಣ್ಣಿಗೆ ಊರಲು ಹೋದೆ. ದೊಡ್ಡಮ್ಮ ನನ್ನ ಕೈ ತಳ್ಳಿದಳು. "ನೀನ್ ಬೇಡ." ಕ್ಯಾಪು ಕಿತ್ತುಕೊಂಡು ತಾನೇ ತಿರುಗಿಸಿ ತಿರುಗಿಸಿ ತೂತು ತೆಗೆದಳು. ಕೇಳಿದ್ದು ಮೂರು, ತೆಗೆದದ್ದು ನಾಲ್ಕು.

ಕುಂಡ ಸುಟ್ಟು ಕೈಗೆ ಬರುವವರೆಗೂ ಮರವನ್ನು ತಟ್ಟೆಸಮೇತ ಇಟ್ಟಿಗೆಗೆ ಓರೆಯಾಗಿ ಒರಗಿಸಿ ನೀರು ಬಸಿದಳು. ಆಮೇಲೆ ಕಪ್ಪಾದ ಬೇರುಗಳನ್ನು ಒಂದೊಂದೇ ಕತ್ತರಿಸಿ, ಹೊಸ ಕುಂಡದ ತೂತುಗಳಿಗೆ ಸೊಳ್ಳೆ ಜಾಲರಿಯ ತುಂಡು ಹಾಸಿ, ಅವುಗಳ ಮೂಲಕವೇ ತಂತಿ ತೂರಿಸಿ ಬುಡವನ್ನು ಕಟ್ಟಿದಳು. ಮೇಲೆ ಇಟ್ಟಿಗೆಚೂರು, ಜರಡಿ ಹಿಡಿದ ಗೊಬ್ಬರ. ಒಂದು ವಸ್ತುವನ್ನು ಅಷ್ಟು ಹೊತ್ತು, ಅಷ್ಟು ತಾಳ್ಮೆಯಿಂದ ನೋಡುವುದನ್ನು ಯಾವ ತರಗತಿಯಲ್ಲೂ ನಾನು ಕಲಿಯಲಿಲ್ಲ. ತಿಂಗಳು ಕಳೆದ ಮೇಲೆ ಕೆಂಪು ಚಿಗುರು ಬಂತು. ಮಣ್ಣುಬಣ್ಣದ ಆ ಕುಂಡದಲ್ಲಿ ಮರ ತಾನಾಗಿಯೇ ಬಂಡೆಯ ಮೇಲೆ ಹುಟ್ಟಿದಂತೆ ಕಾಣುತ್ತಿತ್ತು.

ಅವತ್ತು ಬಸ್ಸಿನಲ್ಲಿ ವಾಪಸು ಬರುವಾಗ ಅವಳು ಕುಂಬಾರನ ಭಯಕ್ಕೆ ದಾರಿಯುದ್ದಕ್ಕೂ ನಕ್ಕಿದ್ದಳು. ನಾನೂ ನಕ್ಕಿದ್ದೆ. ನನ್ನ ಕೈ ತಳ್ಳಿದ್ದು ನೆನಪಾದದ್ದು ಎಷ್ಟೋ ವರ್ಷದ ನಂತರ. ನಾನು ತೂತನ್ನು ಸೊಟ್ಟ ಮಾಡುತ್ತೇನೆಂದೇ ತಳ್ಳಿರಬಹುದು. ಮದುವೆಯಾಗದ ಹುಡುಗಿಗೆ ಆ ತೂತಿನ ಕೇಡು ತಟ್ಟದಿರಲಿ ಎಂದೂ ಇರಬಹುದು. ಹೋದ ಭಾನುವಾರ ಮಾಗಡಿಯಲ್ಲಿ, ಅವಳು ಅದೇ ಮರದ ಎಲೆ ಸವರುತ್ತಿದ್ದಾಗ ಕೇಳಿಯೇಬಿಟ್ಟೆ. ಕತ್ತರಿಯ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಕೇಳಿದ್ದು ಇಷ್ಟೇ:

"ದೊಡ್ಡಮ್ಮ, ಅವತ್ತು ನಿಂಗೂ ಭಯ ಇತ್ತಾ?"