ಆಷಾಢಕ್ಕೆ ಮೊದಲು ಹಾಕಿದ ಪಾಯ

೨೦೨೩ರಲ್ಲಿ ನಾನು ಪುರಸಭೆ ಸದಸ್ಯೆಯಾಗಿದ್ದೆ. ಚಿತ್ರದುರ್ಗ ಜಿಲ್ಲೆಯ ಒಂದು ಪಟ್ಟಣ ಎಂದರೆ ಸಾಕು, ಊರಿನ ಹೆಸರು ಬೇಡ. ಆಗ ಜೊತೆಗೆ ಕೆಲಸ ಮಾಡಿದವರೆಲ್ಲ ಈಗಲೂ ಎದುರಿಗೆ ಸಿಗುತ್ತಾರೆ. ನಮ್ಮ ವಾರ್ಡು ಮಹಿಳೆಗೆ ಮೀಸಲಾದಾಗ ಮಠದ ಕಡೆಯ ಹಿರಿಯರು ಬಂದು ನಮ್ಮ ಮನೆಯವರನ್ನು ಕೇಳಿದರು. ಮನೆಯವರು ನನ್ನನ್ನು ಕೇಳದೆ ಹೂಂ ಅಂದರು. ಅಲ್ಲಿಯವರೆಗೆ ನಾನು ಬಲ್ಲ ಆಡಳಿತವೆಂದರೆ ಅಡುಗೆಮನೆಯದು. ಬೆಳಿಗ್ಗೆ ಲಿಂಗಪೂಜೆ, ಆಮೇಲೆ ರೊಟ್ಟಿ, ಆಮೇಲೆ ಮೀಟಿಂಗು, ಹೀಗೆ ನನ್ನ ಅವಧಿ ಕಳೆಯಿತು. ಶಿವನ ದಯೆ, ದೊಡ್ಡ ಕೆಟ್ಟ ಹೆಸರೇನೂ ಬರಲಿಲ್ಲ. ಆದರೆ ಕರಿಯಮ್ಮನ ಮನೆಯದೊಂದು ಮಾತ್ರ ಈಗಲೂ ಪೂಜೆಗೆ ಕೂತಾಗ ಅಡ್ಡ ಬರುತ್ತದೆ.

ಪುರಸಭೆ ಬಜೆಟ್ ಎಂದರೇನು ಎಂದು ಮೊದಲೇ ಹೇಳಿಬಿಡುತ್ತೇನೆ. ಅದು ಕೈಯಲ್ಲಿರುವ ದುಡ್ಡಲ್ಲ, ಬರಬಹುದಾದ ದುಡ್ಡಿನ ಅಂದಾಜು. ಮಾರ್ಚ್ ತಿಂಗಳಲ್ಲಿ ನಾವು ಸದಸ್ಯರು ಕೈಯೆತ್ತಿ ಒಪ್ಪುತ್ತೇವೆ. ಆಮೇಲೆ ಕ್ರಿಯಾಯೋಜನೆ, ಎಂದರೆ ಯಾವ ಕೇರಿಯಲ್ಲಿ ಯಾವ ಕೆಲಸ ಎನ್ನುವುದು, ತಯಾರಾಗಬೇಕು. ಅದು ಚಿತ್ರದುರ್ಗಕ್ಕೆ ಹೋಗಿ ಮಂಜೂರಾಗಿ ಬರಬೇಕು. ಕೊನೆಗೆ ಮನೆಯ ಯಜಮಾನಿಯ ಹೆಸರಿಗೆ ಕಾಮಗಾರಿ ಆದೇಶ ಬರುತ್ತದೆ. ಅದು ಬಂದ ಮೇಲೆಯೇ ಗುದ್ದಲಿ ಎತ್ತಬೇಕು. ಇಷ್ಟು ಕಲಿಯಲು ನನಗೇ ಎರಡು ವರ್ಷ ಹಿಡಿದಿತ್ತು.

ಹಿಂದಿನ ವರ್ಷ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿದ್ದಿತ್ತು. ತಲೆಮಾರುಗಳ ಮೇಲೆ ಬಿದ್ದ ಕೋಡಿ ಎಂದು ಜನ ಟೆಂಪೊ ಮಾಡಿಕೊಂಡು ಹೋಗಿ ನೋಡಿ ಬಂದರು. ನಾನೂ ಅರಿಸಿನ ಕುಂಕುಮ ಬಿಟ್ಟು ಕೈಮುಗಿದು ಬಂದೆ. ಅದೇ ಮಳೆ ನಮ್ಮ ವಾರ್ಡಿನ ಹಿಂದಿನ ಕೇರಿಯನ್ನು ನೆನೆಸಿ ಹಾಕಿತ್ತು. ಅಲ್ಲಿಯವು ಮಣ್ಣಿನ ಮಾಳಿಗೆ ಮನೆಗಳು. ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಮಣ್ಣು. ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹರಡಿ ತುಳಿದರೆ ಸೋರುವುದಿಲ್ಲ. ಆ ವರ್ಷ ಮಳೆ ಬಿಡುವೇ ಕೊಡಲಿಲ್ಲ. ಗೋಡೆಗಳು ಬುಡದಲ್ಲಿ ಹೊಟ್ಟೆಯುಬ್ಬಿ ನಿಂತವು. ಯಾರ ಪ್ರಾಣವೂ ಹೋಗಲಿಲ್ಲ, ಅದೊಂದು ಪುಣ್ಯ. ಆ ಮನೆಗಳನ್ನು ಕೆಡವಿ ಅದೇ ಜಾಗದಲ್ಲಿ ಹೊಸದು ಕಟ್ಟಲು ಸರ್ಕಾರದ ಸಹಾಯಧನ, ಅದರ ಜೊತೆಗೆ ಪುರಸಭೆಯ ಪಾಲು ಎಂದು ನಾನು ಹಟ ಹಿಡಿದು ಬಜೆಟ್ಟಿಗೆ ಸೇರಿಸಿದೆ.

ಕರಿಯಮ್ಮ ಆ ಕೇರಿಯವಳು. ಕುರಿ ಸಾಕುವ ಮನೆತನ, ಗಂಡ ತೀರಿ ಬಹಳ ಕಾಲವಾಗಿತ್ತು. ಮಗ ಈರಣ್ಣ ಗೂಡ್ಸ್ ಆಟೊ ಓಡಿಸುತ್ತಿದ್ದ. ಸೊಸೆ ಸುಧಾ, ಇನ್ನೂ ತೊದಲು ನುಡಿಯುವ ಒಂದು ಹೆಣ್ಣು ಮಗು. ಬಜೆಟ್ ಆದ ಮಾರನೇ ದಿನವೇ ಕರಿಯಮ್ಮ ನಮ್ಮ ಹಿತ್ತಲ ಬಾಗಿಲಿಗೆ ಬಂದಳು.

"ಮೆಂಬ್ರಕ್ಕ, ನಮ್ಮ ಮನಿ ಪಾಸಾತಂತೆ?"

"ಪಾಸಾಗೈತೆ ಕರಿಯಮ್ಮ. ಆದ್ರೆ ಆದೇಶ ಬರೋತಂಕ ಮುಟ್ಬೇಡ."

"ಪಾಸಾದ ಮ್ಯಾಲೆ ಇನ್ನೇನ್ರಿ ಆದೇಶ? ನಮ್ಮ ಈರ ಎಸ್ಸೆಸ್ಸೆಲ್ಸಿ ಪಾಸಾದಾಗ ಯಾರೂ ಆದೇಶ ಕೇಳ್ಲಿಲ್ಲ."

"ಅವನು ಪಾಸಾಗಿದ್ದೇ ಮೂರನೇ ಸಲಕ್ಕೆ. ಇದೂ ಅಷ್ಟೇ, ಮೂರು ಕಡೆ ಪಾಸಾಗ್ಬೇಕು" ಎಂದೆ. ಬಾಯಿ ತುಂಬ ನಕ್ಕಳು. ಒಂದು ಲೋಟ ಮಜ್ಜಿಗೆ ಕುಡಿದು ಹೋದಳು.

ಅಷ್ಟರಲ್ಲಿ ವಿಧಾನಸಭೆ ಚುನಾವಣೆ ಘೋಷಣೆಯಾಯಿತು. ನೀತಿ ಸಂಹಿತೆ ಜಾರಿಯಲ್ಲಿದ್ದಾಗ ಹೊಸ ಮಂಜೂರಾತಿ ಯಾವುದೂ ಆಗುವುದಿಲ್ಲ. ಚುನಾವಣೆ ಮುಗಿದರೂ ನಮ್ಮ ಕಡತ ಬರಲಿಲ್ಲ. ಕಚೇರಿಯಲ್ಲಿ ಕೇಳಿದರೆ "ಬರ್ತೈತೆ ಮೇಡಂ" ಎನ್ನುತ್ತಿದ್ದರು. ಅವರ ಮಟ್ಟಿಗೆ ಅದು ಸುಳ್ಳೂ ಅಲ್ಲ. ಇವತ್ತಲ್ಲ ನಾಳೆ ಬರುವುದೇ ಆಗಿತ್ತು.

ಆದರೆ ಕೇರಿಯಲ್ಲಿ ಬೇರೆ ಲೆಕ್ಕ ನಡೆದಿತ್ತು. ಜೂನ್ ನಡುವಿಗೆ ಆಷಾಢ ಹಿಡಿಯುತ್ತಿತ್ತು. ಆಷಾಢದಲ್ಲಿ ನಮ್ಮಲ್ಲಿ ಯಾರೂ ಮನೆ ಶುರುಮಾಡುವುದಿಲ್ಲ. ಬೇರೆ ವರ್ಷವಾದರೆ ಆಷಾಢ ಕಳೆದು ಶ್ರಾವಣಕ್ಕೆ ಪಾಯ ತೆಗೆಯಬಹುದು. ಆ ವರ್ಷ ಆಷಾಢದ ಬೆನ್ನಿಗೇ ಅಧಿಕ ಮಾಸ ಬಂದಿತ್ತು, ಅದರಲ್ಲೂ ಶುಭಕಾರ್ಯವಿಲ್ಲ. ಎರಡು ತಿಂಗಳು ಒಟ್ಟಿಗೆ ಬರಿದು. ಪಂಚಾಂಗ ನಮ್ಮ ಮನೆಯ ಗೋಡೆಯ ಮೇಲೂ ತೂಗುತ್ತಿತ್ತು, ಕಚೇರಿಯ ಗೋಡೆಯ ಮೇಲೂ ತೂಗುತ್ತಿತ್ತು. ಕಡತಕ್ಕೂ ಪಂಚಾಂಗಕ್ಕೂ ಸಂಬಂಧವುಂಟೆಂದು ಮಾತ್ರ ಯಾರ ತಲೆಗೂ ಹೊಳೆಯಲಿಲ್ಲ.

ಆಷಾಢ ಹಿಡಿಯುವ ಮುಂಚಿನ ವಾರ ನಾನು ಅತ್ತೆಯವರ ಕಣ್ಣಿನ ಆಪರೇಷನ್ನಿಗೆಂದು ದಾವಣಗೆರೆಯಲ್ಲಿದ್ದೆ. ತಿರುಗಿ ಬಂದು ಕೇರಿಗೆ ಹೋದರೆ ಕರಿಯಮ್ಮನ ಮಾಳಿಗೆ ಮನೆ ಇರಲಿಲ್ಲ. ತೊಲೆ ಜಂತೆಗಳನ್ನು ಒಂದು ಕಡೆ ಒಟ್ಟಿದ್ದರು. ಪಕ್ಕದಲ್ಲಿ ನೀಲಿ ತಾಡಪಾಲಿನ ಗುಡಿಸಲು, ಅದರೊಳಗೆ ಒಲೆ. ಮನೆಯಿದ್ದ ಜಾಗದಲ್ಲಿ ಸೈಜುಗಲ್ಲಿನ ಪಾಯ ನೆಲಮಟ್ಟಕ್ಕೆ ಎದ್ದಿತ್ತು, ಈಶಾನ್ಯ ಮೂಲೆಯ ಕಲ್ಲಿಗೆ ಹಚ್ಚಿದ ಅರಿಸಿನ ಇನ್ನೂ ಹಸಿಯಾಗಿತ್ತು. ಕೇರಿಯ ಉಳಿದ ಮನೆಗಳವರು ಮುಹೂರ್ತ ತಪ್ಪದಿರಲೆಂದು ಗುದ್ದಲಿ ಪೂಜೆ ಮಾಡಿ ನಾಲ್ಕು ಬುಟ್ಟಿ ಮಣ್ಣು ತೆಗೆದು ಸುಮ್ಮನಾಗಿದ್ದರು. ಈರಣ್ಣನಿಗೆ ಗುರುತಿನ ಮೇಸ್ತ್ರಿ ಬಿಡುವಾಗಿದ್ದನಂತೆ; ಕುರಿ ಮಾರಿ ಕಲ್ಲು ತರಿಸಿ ಇವರು ಪಾಯದ ಕೆಲಸವನ್ನೇ ಮುಗಿಸಿಬಿಟ್ಟಿದ್ದರು.

"ಬರ್ರಿ ಮೆಂಬ್ರಕ್ಕ, ಕುಂತ್ಕಳ್ರಿ. ಆಷಾಢಕ್ಕೆ ಸಿಗಾಕ್ಕಂಡಿದ್ರೆ ಎರಡು ತಿಂಗ್ಳು ಮುಂದಕ್ಕೆ ಹೋಗ್ತಿತ್ತು. ಅಮ್ಮ ಕಾಪಾಡಿದ್ಲು" ಎಂದು ಕರಿಯಮ್ಮ ಕೈಗೆ ಬೆಲ್ಲ ಕೊಟ್ಟಳು. ಆದೇಶವಿಲ್ಲದೆ ಎದ್ದ ಆ ಪಾಯವನ್ನು ನೋಡುತ್ತಲೇ ಬೆಲ್ಲ ಬಾಯಿಗೆ ಹಾಕಿಕೊಂಡೆ.

ಅಧಿಕ ಮಾಸ ನಡೆಯುತ್ತಿದ್ದಾಗ ಆದೇಶ ಬಂತು. ನಮ್ಮ ಜೂನಿಯರ್ ಎಂಜಿನಿಯರ್ ಮೊಬೈಲು ಹಿಡಿದು ಕೇರಿಗೆ ಬಂದರು. ಇನ್ನೂ ವಯಸ್ಸಾಗದ ಮನುಷ್ಯ, ಕೆಟ್ಟವರಲ್ಲ. ಸಹಾಯಧನ ಹಂತ ಹಂತವಾಗಿ ಬರುತ್ತದೆ: ಪಾಯ, ಲಿಂಟಲ್, ಛಾವಣಿ, ಪೂರ್ಣ. ಪ್ರತಿ ಹಂತಕ್ಕೂ ಜಿಪಿಎಸ್ ಫೋಟೊ, ಎಂದರೆ ಯಾವ ಜಾಗದಲ್ಲಿ ಯಾವತ್ತು ತೆಗೆದದ್ದೆಂದು ಫೋನೇ ಗುರುತು ಹಾಕುವ ಫೋಟೊ. ಎಲ್ಲಕ್ಕಿಂತ ಮೊದಲು ಖಾಲಿ ಜಾಗದ ಫೋಟೊ, ಅದರಲ್ಲಿ ಯಜಮಾನಿ ನಿಂತಿರಬೇಕು. ಆದೇಶಕ್ಕೆ ಮೊದಲೇ ಕಟ್ಟಿದ್ದಕ್ಕೆ ಸಹಾಯಧನವಿಲ್ಲ. ಹಳೇ ಮನೆ ತೋರಿಸಿ ಹೊಸದರ ದುಡ್ಡು ಎತ್ತುವವರನ್ನು ತಡೆಯಲು ಮಾಡಿದ ನಿಯಮ ಅದು. ನಿಯಮ ಒಳ್ಳೆಯದೇ.

ಎಂಜಿನಿಯರ್ ಪಾಯದ ಸುತ್ತ ಒಂದು ಸುತ್ತು ಬಂದು ನನ್ನ ಕಡೆ ನೋಡಿದರು. "ಮೇಡಂ, ಇದು ಮುಂದಕ್ಕೆ ಹೋಗಲ್ಲ."

ಈರಣ್ಣ, "ಮಣ್ಣು ಮುಚ್ಚಿಬಿಡಾಣ ಸಾರ್, ಒಂದು ಗಳಿಗೆ ಕೆಲ್ಸ" ಎಂದ.

"ನಾಳೆ ಪಾಯ ತೋಡೋ ಫೋಟೊ ಕೇಳ್ತಾರೆ, ಏನು ತೋರಿಸ್ತೀಯ? ತಪಾಸಣೇಲಿ ಸಿಕ್ರೆ ಕೊಟ್ಟ ದುಡ್ಡೆಲ್ಲ ವಾಪಸ್ ಕಟ್ಟಿಸ್ತಾರೆ. ಪೂರ್ತಿ ತೆಗೀಬೇಕು. ಈ ತಿಂಗಳೊಳಗೆ ಖಾಲಿ ಜಾಗದ ಫೋಟೊ ಹೋಗ್ಲಿಲ್ಲ ಅಂದ್ರೆ ಮನೆ ಬೇರೆಯವರ ಹೆಸರಿಗೆ ಹೋಗುತ್ತೆ."

ಈರಣ್ಣ ತಾಯಿಯ ಮುಖ ನೋಡಿದ. ಕರಿಯಮ್ಮ ಗುಡಿಸಲೊಳಗೆ ಹೋಗಿ ಒಲೆ ಊದಲು ಕೂತಳು.

ನಾನು ಬೇರೆ ದಾರಿ ಹುಡುಕಿದೆ. ಪರಿಶಿಷ್ಟ ಜಾತಿ, ಪಂಗಡದವರಲ್ಲದ ಇತರ ಬಡವರ ಕಲ್ಯಾಣಕ್ಕೆಂದು ಪುರಸಭೆ ತನ್ನ ಸ್ವಂತ ಆದಾಯದಲ್ಲಿ ಎತ್ತಿಡುವ ಪಾಲೊಂದಿದೆ. ಅದರಲ್ಲಿ ಈ ಒಂದು ಮನೆಗೆ ಮರುಹೊಂದಾಣಿಕೆ, ಎಂದರೆ ಒಂದು ಬಾಬಿನ ದುಡ್ಡನ್ನು ಇನ್ನೊಂದಕ್ಕೆ ತಿರುಗಿಸುವುದು, ಆಗಲಿ ಎಂದು ಸಭೆಯಲ್ಲಿ ಕೇಳಿದೆ. ಬಸ್ ಸ್ಟ್ಯಾಂಡ್ ಕಡೆಯ ಸದಸ್ಯರೊಬ್ಬರು ಕೂತಲ್ಲಿಂದಲೇ, "ಅಕ್ಕಾರೆ, ಆತುರ ಬಿದ್ದೋರಿಗೆಲ್ಲ ಪುರಸಭೆ ಕೊಡ್ತಾ ಹೋದ್ರೆ ತಾಳ್ಮೆಯಿಂದ ಕುಂತೋರು ನಮಗೆ ಉಗೀತಾರೆ" ಎಂದರು. ನಾಲ್ಕು ಜನ ನಕ್ಕರು. ಮುಖ್ಯಾಧಿಕಾರಿಗಳು ಲೆಕ್ಕ ತಪಾಸಣೆಯಲ್ಲಿ ಆಕ್ಷೇಪಣೆ ಬರುತ್ತದೆಂದು ನಯವಾಗಿ ಹೇಳಿದರು. ನನ್ನ ಮಾತಿಗೆ ಕೈಯೆತ್ತಿದವರು ಬೆರಳೆಣಿಕೆಯಷ್ಟು. ಸಂಜೆ ಮನೆಯವರು, "ನಿನಗೆ ಓಟು ಹಾಕಿದ್ದು ಚರಂಡಿ ನೋಡಾಕೆ, ಪಂಚಾಂಗ ನೋಡಾಕಲ್ಲ" ಎಂದರು. ಆದರೆ ಅವತ್ತು ತಟ್ಟೆ ತಾವೇ ತೊಳೆದಿಟ್ಟರು. ಅದೂ ಒಂದು ಕರುಣೆಯೇ.

ಕೊನೆಗೆ ಮಠದ ಅಯ್ಯನವರನ್ನು ಕೇಳಿದೆ. ಪೂಜೆ ಮಾಡಿ ಕೂರಿಸಿದ ಪಾಯವನ್ನು ಕೀಳುವುದು ನಮ್ಮ ಕಡೆ ಸಣ್ಣ ಮಾತಲ್ಲ. ಮನೆತನದ ಬೇರು ಕಿತ್ತ ಹಾಗೆ ಎನ್ನುತ್ತಾರೆ. ಅಯ್ಯನವರು, "ಮನುಷ್ಯರ ನೆರಳಿಗಾಗಿ ಕಿತ್ತರೆ ದೋಷವಿಲ್ಲ ತಾಯಿ. ಒಂದು ಅಭಿಷೇಕ ಮಾಡಿಸಲಿ, ಸಾಕು" ಎಂದರು. ಓಡಿಹೋಗಿ ಕರಿಯಮ್ಮನಿಗೆ ಹೇಳಿದೆ.

"ಅಯ್ನೋರು ಹೇಳಿದ್ದು ಸರಿ ಐತೆ. ನನ್ನ ಕೈ ಕೇಳ್ಬೇಕಲ್ರಿ" ಎಂದಳು. ಆಮೇಲೆ ಸೊಸೆ ಕಡೆ, ತಾಡಪಾಲಿನ ಕೆಳಗೆ ಮಲಗಿದ್ದ ಮಗುವಿನ ಕಡೆ ನೋಡಿದಳು. "ಆತು ಬಿಡ್ರಿ. ಕಟ್ಟಾಕೆ ತಾನೆ ಅಧಿಕ ಮಾಸ ಅಡ್ಡ? ಕೀಳಾಕೆ ಯಾವ ಮುಹೂರ್ತ ಬೇಕು? ಲೇ ಈರ, ಹಾರೆ ತಗಂಬಾ."

ಮೇಸ್ತ್ರಿ ಬರಲೊಪ್ಪಲಿಲ್ಲ. ತಾನು ಕೂರಿಸಿದ ಕಲ್ಲನ್ನು ತಾನು ಎಬ್ಬಿಸುವುದಿಲ್ಲ ಎಂದ. ಈರಣ್ಣನೂ ಅವನ ಗೆಳೆಯನೂ ಕಿತ್ತರು. ಮೂರು ಗೋಡೆಯ ಪಾಯ ತೆಗೆದು ಈಶಾನ್ಯ ಮೂಲೆಗೆ ಬಂದಾಗ ಈರಣ್ಣ ಹಾರೆ ಕೆಳಗಿಟ್ಟ. "ಅವ್ವಾ, ನನ್ನಿಂದ ಆಗಲ್ಲ" ಎಂದ. ಕರಿಯಮ್ಮ ಸೆರಗು ಸಿಕ್ಕಿಸಿಕೊಂಡು ತಾನೇ ಹಾರೆ ಹಾಕಿದಳು. ಕಲ್ಲು ಮಗುಚಿಕೊಂಡಿತು. ಕೆಳಗೆ ನವಧಾನ್ಯದ ಗಂಟಿತ್ತು. ಹೆಸರುಕಾಳು ಬಟ್ಟೆ ತೂರಿ ಬಿಳಿ ಮೊಳಕೆ ಒಡೆದು ಅಲ್ಲೇ ಕಮರಿತ್ತು. ಅವಳು ಅದನ್ನು ಮಡಿಲಿಗೆ ಹಾಕಿಕೊಂಡಳು. ಸುಧಾ ಅಳುತ್ತಿದ್ದಳು. ಎಂಜಿನಿಯರ್ ಸ್ವಲ್ಪ ಹೊತ್ತು ಆಚೆ ನಿಂತಿದ್ದು ಬಂದು, ಮಣ್ಣು ಸಮ ಮಾಡಿಸಿ, ಕರಿಯಮ್ಮನನ್ನು ನಡುವೆ ನಿಲ್ಲಿಸಿ ಫೋಟೊ ತೆಗೆದರು.

ಆ ಆಗಸ್ಟಿನಲ್ಲಿ ಮಳೆ ಕೈಕೊಟ್ಟಿತು. ಜಿಲ್ಲೆಯೆಲ್ಲ ಆಕಾಶ ನೋಡುತ್ತಿತ್ತು. ಹೊಸದುರ್ಗದ ಕಡೆ ಹಾಲುರಾಮೇಶ್ವರಕ್ಕೆ ಹೋಗಿ ಗಂಗಮ್ಮನ ಕೊಳದ ಮುಂದೆ ಬೇಡಿಕೊಳ್ಳಲು ಕೂತ ನನಗೆ ಏನು ಬೇಡಬೇಕೆಂದು ತಿಳಿಯಲಿಲ್ಲ. ಮಳೆ ಬೇಡಿದರೆ ಆ ತಾಡಪಾಲು ಕಣ್ಣ ಮುಂದೆ ಬರುತ್ತಿತ್ತು. ಬೇಡ ಎನ್ನಲು ನಾಲಿಗೆ ಏಳುತ್ತಿರಲಿಲ್ಲ. ಸುಮ್ಮನೆ ಕೈಮುಗಿದು ಎದ್ದು ಬಂದೆ.

ಅಧಿಕ ಮಾಸ ಮುಗಿದು ನಿಜ ಶ್ರಾವಣ ಬಂದ ಮೇಲೆ ಮತ್ತೆ ಪಾಯ ತೋಡಿದರು. ಅದೇ ಕಲ್ಲುಗಳನ್ನೇ ಕೂರಿಸಿದರು, ಹೊಸದು ತರುವ ಶಕ್ತಿ ಇರಲಿಲ್ಲ. ಕಲ್ಲಾದರೂ ದಂಡವಾಗಲಿಲ್ಲವಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ. ಕರಿಯಮ್ಮ ಈ ಸಲ ಪೂಜೆಗೆ ನಿಲ್ಲಲಿಲ್ಲ. ಸೊಸೆಯ ಕೈಯಲ್ಲಿ ಮಾಡಿಸಿದಳು. ಗೋಡೆ ಲಿಂಟಲ್ ಮಟ್ಟಕ್ಕೆ ಬಂದಾಗ ಒಂದು ದಿನ ಬಟ್ಟೆಗಂಟು ಕಟ್ಟಿಕೊಂಡು ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗಕ್ಕೆ, ತಮ್ಮನ ಮನೆಗೆ ಹೊರಟುಹೋದಳು.

ಗೃಹಪ್ರವೇಶಕ್ಕೆ ಕರೆಯಲು ಸುಧಾ, ನಾನು ಬಸ್ಸು ಹತ್ತಿದೆವು. ಕರಿಯಮ್ಮ ರೊಪ್ಪದಲ್ಲಿ ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ನಮ್ಮನ್ನು ಕಂಡು ಸಂತೋಷದಿಂದಲೇ ಮಾತಾಡಿಸಿದಳು, ಮುದ್ದೆ ಉಂಡು ಹೋಗಿ ಎಂದಳು.

"ಅತ್ತೆ, ಮನೆ ನಿಮ್ಮ ಹೆಸ್ರಿಗೇ ಐತೆ. ನಡೀರಿ ಹೋಗಾಣ" ಎಂದಳು ಸುಧಾ.

"ಹೆಸ್ರು ಇದ್ಕಳ್ಲಿ ಬಿಡೆ. ಪೂಜೆ ಮಾಡಿದ ಪಾಯ ಕಿತ್ತ ಕೈ ಇದು. ಆ ಮನಿ ಹೊಸ್ತಿಲು ದಾಟಿ ನಿಮಗೇನಾರ ಆದ್ರೆ? ನೀವು ಚೆನ್ನಾಗಿರ್ರಿ. ನನಗೆ ಕುರಿ ಜೊತೆ ಹೊತ್ತು ಹೋಗ್ತೈತೆ."

ಅಯ್ಯನವರ ಮಾತನ್ನು ಮತ್ತೆ ನೆನಪಿಸಿದೆ. ತಲೆಯಾಡಿಸಿದಳು, ಸೊಪ್ಪು ಕಟ್ಟುವುದನ್ನು ನಿಲ್ಲಿಸಲಿಲ್ಲ.

ಆದರೂ ಅವಳು ಒಂದು ಸಲ ಬರಲೇಬೇಕಾಯಿತು. ಕೊನೆಯ ಕಂತು ಬಿಡುಗಡೆಯಾಗಲು ಪೂರ್ಣಗೊಂಡ ಮನೆಯ ಮುಂದೆ ಯಜಮಾನಿ ನಿಂತ ಫೋಟೊ ಬೇಕು. ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಬಸ್ಸಿಳಿದು ಬಂದಳು. ಬಿಳಿ ಸುಣ್ಣದ ಮನೆ, ಹಸಿರು ಬಾಗಿಲು. ಒಳಗಿಂದ ಮೊಮ್ಮಗಳು "ಅಜ್ಜೀ, ಬಾರೆ, ಫ್ಯಾನ್ ನೋಡು ಬಾ" ಎಂದು ಕೂಗುತ್ತಿದ್ದಳು. "ಬಂದೆ ತಡಿ ಬಂಗಾರ" ಎನ್ನುತ್ತ ಕರಿಯಮ್ಮ ರಸ್ತೆಯ ಅಂಚಿನಲ್ಲೇ ನಿಂತಳು. ಎಂಜಿನಿಯರ್, "ಇನ್ನೊಂದು ಸ್ವಲ್ಪ ಹತ್ರ ಹೋಗ್ರಿ ಅಜ್ಜಿ" ಎಂದರು. "ಇಲ್ಲಿಂದ್ಲೇ ಫೋಟೊದಾಗೆ ಬೀಳ್ತೀನಿ ತಗೀರಿ ಸಾಮಿ" ಎಂದಳು. ಅವರು ಎರಡು ಹೆಜ್ಜೆ ಹಿಂದೆ ಸರಿದು ತೆಗೆದರು. ಅವಳು ಮಗುವನ್ನು ಹೊರಗೆ ಕರೆಸಿ, ಎತ್ತಿ ಮುದ್ದಾಡಿ, ಕೈಗೆ ಮಂಡಕ್ಕಿ ಪೊಟ್ಟಣ ಕೊಟ್ಟು, ಬಂದ ದಾರಿಯಲ್ಲೇ ಬಸ್ ಸ್ಟ್ಯಾಂಡಿಗೆ ನಡೆದಳು. ಸುಧಾ ಕೊಟ್ಟ ನೀರನ್ನು ಕೂಡ ಬೀದಿಯಲ್ಲೇ ಕುಡಿದಳು.

ಮುಂದಿನ ಬಜೆಟ್ಟಿನ ತಯಾರಿ ಸಭೆಗೆ ನಾನು ಪಂಚಾಂಗ ತೆಗೆದುಕೊಂಡು ಹೋದೆ. ಆಷಾಢಕ್ಕೆ ಮೊದಲೇ ಆದೇಶ ಕೊಡುವುದಾದರೆ ಕೊಡಿ, ಇಲ್ಲವಾದರೆ ಇಂಥ ದಿನದವರೆಗೆ ಇಲ್ಲ ಎಂದು ಮನೆಮನೆಗೆ ಹೋಗಿ ಈಗಲೇ ಹೇಳಿ ಎಂದೆ. ಮತ್ತೆ ನಾಲ್ಕು ಜನ ನಕ್ಕರು. ಆದರೆ ಎಂಜಿನಿಯರ್ ನಗಲಿಲ್ಲ, ಬರೆದುಕೊಂಡರು. ಆ ವರ್ಷ ಯಾರೂ ಪಾಯ ಕೀಳಲಿಲ್ಲ.

ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಬಡವರ ಮನೆಗೆ ದುಡ್ಡು ಎತ್ತಿಟ್ಟರೆ ನಮ್ಮ ಕೆಲಸ ಅರ್ಧವೂ ಆಗಿರುವುದಿಲ್ಲ. ಆ ದುಡ್ಡು ಯಾವ ಹೊತ್ತಿಗೆ ಅವರ ಬಾಗಿಲಿಗೆ ಬರುತ್ತದೆ, ಆ ಹೊತ್ತು ಅವರ ಬದುಕಿನಲ್ಲಿ ಎಂಥದು ಎಂದು ಕೈಯೆತ್ತುವ ಮೊದಲು ಕೇಳಬೇಕು. ಕೇಳದಿದ್ದರೆ ಮನೆ ನಿಲ್ಲುತ್ತದೆ, ಮನೆಯವಳು ಹೊರಗುಳಿಯುತ್ತಾಳೆ. ಮಳೆ ಬಂದ ದಿನ ಆ ಮಗು ಒಣಗಿದ ನೆಲದ ಮೇಲೆ ಮಲಗಿರುತ್ತದೆ; ಅದಕ್ಕಾಗಿ ದಿನವೂ ಶಿವನಿಗೆ ಕೈಮುಗಿಯುತ್ತೇನೆ. ಪುರಸಭೆಯ ಲೆಕ್ಕದಲ್ಲಿ ಆ ಮನೆ ಪೂರ್ಣಗೊಂಡಿದೆ, ವಾಸವಿರುವವರಲ್ಲಿ ಮೊದಲ ಹೆಸರು ಕರಿಯಮ್ಮನದು.